ಮಾತ್ರೆ ಇಲ್ಲದೆ ಮೈಗ್ರೇನ್, ಬಿಪಿ ಎರಡೂ ಗುಣವಾಗುತ್ತವೆಯೇ? ಸಾಧನಗಳ ಬಗೆಗಿನ ಸತ್ಯಾಂಶ

ಹೇಳಿಕೆ: ಕೈಗೆ ಕಟ್ಟುವ ಸಾಧನವೊಂದಿದ್ದರೆ ಮೈಗ್ರೇನ್ ಹೋಗುತ್ತದೆ, ಬಿಪಿ ಮಾತ್ರೆಯೂ ಬೇಕಾಗುವುದಿಲ್ಲ.

ಸತ್ಯಾಂಶ: ಮೈಗ್ರೇನ್ ವಿಷಯದಲ್ಲಿ ಭಾಗಶಃ ನಿಜ. ಬಿಪಿ ವಿಷಯದಲ್ಲಿ ಅಪಾಯಕಾರಿ ತಪ್ಪು.

ನಾಯಕನಹಟ್ಟಿಯವರು ನರರೋಗ ತಜ್ಞರನ್ನು ಕಾಣಬೇಕೆಂದರೆ ಚಿತ್ರದುರ್ಗ ಅಥವಾ ದಾವಣಗೆರೆಯ ಬಸ್ಸು ಹತ್ತಬೇಕು. ಹಾಗಾಗಿ ಮನೆಯಲ್ಲೇ ಗುಣವಾಗುತ್ತದೆ ಎಂಬ ಫಾರ್ವರ್ಡ್ ಬಂದರೆ ನಂಬಬೇಕೆನಿಸುವುದು ಸಹಜ. ಮೈಗ್ರೇನ್ ಅಪರೂಪವೂ ಅಲ್ಲ. ಬೆಂಗಳೂರಿನ ನಗರ ಮತ್ತು ಹಳ್ಳಿಗಳಲ್ಲಿ ನಿಮ್ಹಾನ್ಸ್ ತಜ್ಞರು ನಡೆಸಿ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ವಯಸ್ಕರ ಪೈಕಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಒಂದು ವರ್ಷದೊಳಗೆ ಮೈಗ್ರೇನ್ ಬಂದಿತ್ತು.

ಮೈಗ್ರೇನ್ ಸಾಧನ ಹೇಗೆ ಕೆಲಸ ಮಾಡುತ್ತದೆ?

ಅಮೆರಿಕದ ಎಫ್‌ಡಿಎ 2014ರಲ್ಲಿ ಹಣೆಗೆ ಅಂಟಿಸುವ ಸೆಫಾಲಿ ಸಾಧನಕ್ಕೆ, 2019ರಲ್ಲಿ ತೋಳಿಗೆ ಕಟ್ಟುವ ನೆರಿವಿಯೊಗೆ ಅನುಮತಿ ಕೊಟ್ಟಿತು. ನೆರಿವಿಯೊವನ್ನು ಡಾ. ರೆಡ್ಡೀಸ್ ಕಂಪನಿ ಭಾರತಕ್ಕೂ ತಂದಿದೆ. ಅದು ತೋಳಿನ ನರಗಳಿಗೆ 45 ನಿಮಿಷ ಸಣ್ಣ ವಿದ್ಯುತ್ ಮಿಡಿತ ಕೊಡುತ್ತದೆ. ಇದರಿಂದ ಮಿದುಳು ತನ್ನದೇ ನೋವು ತಡೆಯುವ ವ್ಯವಸ್ಥೆಯನ್ನು ಚುರುಕುಗೊಳಿಸುತ್ತದೆ.

252 ಮಂದಿಯ ಮೇಲೆ ನಡೆದ ಪರೀಕ್ಷೆಯಲ್ಲಿ ಎರಡು ಗಂಟೆಯೊಳಗೆ ನೋವು ತಗ್ಗಿದವರು ಶೇ. 67. ಆದರೆ ಚಿಕಿತ್ಸೆಯ ಶಕ್ತಿಯಿಲ್ಲದ ಹುಸಿ ಸಾಧನ ಕಟ್ಟಿಕೊಂಡವರಲ್ಲೂ ಶೇ. 39 ಮಂದಿಗೆ ನೋವು ತಗ್ಗಿತ್ತು! ‘ನಮ್ಮ ಅತ್ತೆಗೆ ಗುಣವಾಯಿತು’ ಎಂಬ ಒಂದು ಮಾತು ಪುರಾವೆಯಾಗದಿರುವುದು ಇದಕ್ಕೇ. ಪೇಸ್‌ಮೇಕರ್ ಇರುವವರು ವೈದ್ಯರನ್ನು ಕೇಳದೆ ಇಂಥ ಸಾಧನ ಬಳಸಲೇಬಾರದು.

ಬಿಪಿಗೆ ಯಾವ ಸಾಧನವಿದೆ?

ನಿಧಾನ ಉಸಿರಾಟ ಕಲಿಸುವ ಸಾಧನಗಳಿವೆ. ಕೆಲವರಲ್ಲಿ ಬಿಪಿ ತುಸು ಇಳಿಯಬಹುದು, ಆದರೆ ಎಲ್ಲ ಅಧ್ಯಯನಗಳ ಫಲಿತಾಂಶ ಒಂದೇ ತೆರನಾಗಿಲ್ಲ. ಇನ್ನೊಂದು, ರಕ್ತನಾಳದೊಳಗೆ ಕ್ಯಾಥೆಟರ್ ತೂರಿಸಿ ಮೂತ್ರಪಿಂಡದ ಸುತ್ತಲಿನ ನರಗಳನ್ನು ನಿಷ್ಕ್ರಿಯಗೊಳಿಸುವ ಚಿಕಿತ್ಸೆ. 2023ರ ನವೆಂಬರ್‌ನಲ್ಲಿ ಎಫ್‌ಡಿಎ ಇದಕ್ಕೆ ಒಪ್ಪಿಗೆ ನೀಡಿದ್ದು, ಜೀವನಶೈಲಿ ಬದಲಾವಣೆ ಮತ್ತು ಮಾತ್ರೆಗಳಿಂದಲೂ ಬಿಪಿ ಹತೋಟಿಗೆ ಬಾರದವರಿಗೆ, ಪೂರಕ ಚಿಕಿತ್ಸೆಯಾಗಿ ಮಾತ್ರ. ಇದು ಆಸ್ಪತ್ರೆಯಲ್ಲಿ ನಡೆಯುವಂಥದ್ದು, ಮನೆಯಲ್ಲಲ್ಲ. ಮ್ಯಾಗ್ನೆಟ್ ಬಳೆ ಕಟ್ಟಿದರೆ ಬಿಪಿ ಇಳಿಯುತ್ತದೆ ಎನ್ನಲು ನಂಬಬಹುದಾದ ಪುರಾವೆಯಿಲ್ಲ.

ಅಪಾಯ ಎಲ್ಲಿದೆ?

ತಲೆನೋವು ಹೋದರೆ ನಮಗೇ ತಿಳಿಯುತ್ತದೆ. ಬಿಪಿ ಹಾಗಲ್ಲ, ಏರಿದರೂ ಬಹುತೇಕರಿಗೆ ಏನೂ ಗೊತ್ತಾಗುವುದಿಲ್ಲ. ನೋವು ನಿಂತಿತು, ಬಿಪಿಯೂ ಇಳಿದಿರಬೇಕು ಎಂದುಕೊಂಡು ಮಾತ್ರೆ ಬಿಟ್ಟರೆ ಪಾರ್ಶ್ವವಾಯು, ಹೃದಯಾಘಾತದ ಅಪಾಯ ಹೆಚ್ಚುತ್ತದೆ.

ನಾವು ಏನು ಮಾಡಬೇಕು?

• ಸಾಧನ ಕೊಳ್ಳುವ ಮೊದಲು ತಲೆನೋವು ಮೈಗ್ರೇನೇ ಹೌದೇ ಎಂದು ವೈದ್ಯರಿಂದ ಖಚಿತಪಡಿಸಿಕೊಳ್ಳೋಣ.
• ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿಪಿ ಪರೀಕ್ಷೆ ಉಚಿತ. ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಹೆಚ್ಚಿದ್ದರೆ ಚಿಕಿತ್ಸೆ ಪಡೆಯೋಣ.
• ಮಾತು ತೊದಲಿದರೆ, ಮುಖ ಸೊಟ್ಟಗಾದರೆ, ಹಠಾತ್ತನೆ ಸಹಿಸಲಾಗದ ತಲೆನೋವು ಬಂದರೆ ತಕ್ಷಣ 108ಕ್ಕೆ ಕರೆ ಮಾಡೋಣ.

ಕೊನೆಯ ಮಾತು: ಮೈಗ್ರೇನ್ ಸಾಧನ ವೈದ್ಯರ ಸಲಹೆಯಂತೆ ಬಳಸಬಹುದಾದ ಚಿಕಿತ್ಸೆ. ಅದು ಬಿಪಿ ಮಾತ್ರೆಗೆ ಬದಲಿಯಲ್ಲ. ‘ಮಾತ್ರೆ ಬಿಡಿ’ ಎನ್ನುವ ಸಂದೇಶ ಬಂದರೆ ಮುಂದೆ ಕಳಿಸಬೇಡಿ.