ರಾಣಿ ಇರುವೆ ಹುಡುಕಿದವರು: ಲಬಕ್ ತೋಟದಿಂದ ಕೀನ್ಯಾದ ಕೋರ್ಟ್‌ವರೆಗೆ

ಇಯರ್‌ಫೋನ್ ಹಾಕ್ಕೊಂಡ್ರಾ? ಇವತ್ತಿನ ಇತಿಹಾಸದಲ್ಲೂ ಒಬ್ಬಳು ರಾಣಿ ಇದ್ದಾಳೆ. ಕೋಟೆ, ಕಿರೀಟ ಏನೂ ಇಲ್ಲ, ಆರು ಕಾಲಿದೆ ಅಷ್ಟೇ.

ಈ ಸಲ ಮೊದಲ ಜೋರು ಮಳೆ ನಿಂತ ರಾತ್ರಿ ನಾನು ಟಾರ್ಚ್ ಹಿಡಿದು ನಮ್ಮ ಬೀದಿದೀಪದ ಕೆಳಗೆ ಕೂತಿದ್ದೆ. ಸುತ್ತ ಗೆದ್ದಲಿನ ಮಳೆಹುಳುಗಳ ರಾಶಿ. ಅವುಗಳ ನಡುವೆ ಸಣ್ಣ ಸೊಂಟ, ದಪ್ಪ ಎದೆ, ರೆಕ್ಕೆ ಉದುರಿಸಿಕೊಂಡು ಒಬ್ಬಳೇ ಅವಸರದಲ್ಲಿ ಓಡುವ ಇರುವೆ ಕಂಡರೆ ಅವಳೇ ರಾಣಿ. ನನಗೊಬ್ಬಳು ಸಿಕ್ಕಳು. ಜೇಬಿನಲ್ಲಿ ಟೆಸ್ಟ್ ಟ್ಯೂಬ್, ಹತ್ತಿ ಎರಡೂ ಇತ್ತು. ಆದರೂ ಕೈ ತಡೆಯಿತು. ಯಾಕೆ ಅಂತ ಹೇಳೋಕೆ ನಿಮ್ಮನ್ನ 150 ವರ್ಷ ಹಿಂದಕ್ಕೆ ಕರ್ಕೊಂಡು ಹೋಗಬೇಕು.

ಇಂಗ್ಲೆಂಡ್‌ನಲ್ಲಿ ಜಾನ್ ಲಬಕ್ ಅಂತ ಒಬ್ಬರಿದ್ದರು. ಬ್ಯಾಂಕರ್, ಸಂಸದ, ಚಾರ್ಲ್ಸ್ ಡಾರ್ವಿನ್ ಅವರ ನೆರೆಯವರು. ಅಲ್ಲಿ 1871ರಲ್ಲಿ ಬ್ಯಾಂಕ್ ರಜೆಯ ಕಾನೂನು ತಂದವರೂ ಇವರೇ. ಬಿಡುವಿನ ವೇಳೆಯ ಹುಚ್ಚು ಮಾತ್ರ ಇರುವೆ. ಎರಡು ಗಾಜಿನ ನಡುವೆ ಮಣ್ಣು ತುಂಬಿ, ಮನೆಯೊಳಗೇ ಗೂಡು ಸಾಕುತ್ತಿದ್ದರು.

ರಾಣಿಯೊಬ್ಬಳು ಕೆಲಸಗಾರ ಇರುವೆಗಳ ನೆರವಿಲ್ಲದೆ ಹೊಸ ಗೂಡು ಕಟ್ಟಬಲ್ಲಳಾ? ಆಗ ಇದರ ಬಗ್ಗೆ ಒಮ್ಮತ ಇರಲಿಲ್ಲ. 1876ರ ಆಗಸ್ಟ್‌ನಲ್ಲಿ ಲಬಕ್ ತಮ್ಮ ತೋಟದಲ್ಲಿ ಹಾರಾಡುತ್ತಿದ್ದ ಎರಡು ಜೋಡಿ ಇರುವೆ ಹಿಡಿದು, ಒದ್ದೆ ಮಣ್ಣು, ನೀರು, ಆಹಾರ ಕೊಟ್ಟು ಬೇರೆ ಇಟ್ಟರು. ಚಳಿಗಾಲ ಕಳೆಯಿತು. ಗಂಡುಗಳು ಸತ್ತವು. ವಸಂತದಲ್ಲಿ ಮೊಟ್ಟೆ ಬಂತು. 1877ರ ಜುಲೈನಲ್ಲಿ ಮೊದಲ ಕೆಲಸಗಾರ್ತಿ ಹೊರಬಂದಳು. ಉತ್ತರ ಸಿಗೋಕೆ ಸುಮಾರು ಒಂದು ವರ್ಷ ಕಾದಿದ್ದರು ನೋಡಿ!

ಇನ್ನೊಂದು ಗೂಡು ಅವರಿಗೆ ಸಿಕ್ಕಿದ್ದು 1874ರಲ್ಲಿ. ಅದರಲ್ಲಿದ್ದ ಒಬ್ಬಳು ರಾಣಿ ಸತ್ತದ್ದು 1888ರಲ್ಲಿ. ಪುಟ್ಟ ಹುಳುವೊಂದು ನಾಯಿಯಷ್ಟು ಕಾಲ ಬದುಕುತ್ತೆ ಅಂತ ಗೊತ್ತಾಗಿದ್ದು ಹೀಗೆ, ಒಬ್ಬ ಹವ್ಯಾಸಿಯ ತಾಳ್ಮೆಯಿಂದ.

ಈಗ 2025ಕ್ಕೆ ಬನ್ನಿ. ಕೀನ್ಯಾದ ನೈವಾಶಾ ಬಳಿಯ ಅತಿಥಿಗೃಹವೊಂದರಲ್ಲಿ ಬೆಲ್ಜಿಯಂನ ಇಬ್ಬರು ಹುಡುಗರು ಸಿಕ್ಕಿಬಿದ್ದರು. ಇಬ್ಬರಿಗೂ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಅವರ ಹತ್ತಿರ ಇದ್ದದ್ದು ಸುಮಾರು 5,000 ರಾಣಿ ಇರುವೆ, 2,000ಕ್ಕೂ ಹೆಚ್ಚು ಟ್ಯೂಬ್‌ಗಳಲ್ಲಿ. ಹವ್ಯಾಸಕ್ಕೆ ಕೂಡಿಸಿದ್ದು, ತಪ್ಪು ಅಂತ ಗೊತ್ತಿರಲಿಲ್ಲ ಅಂದರು. ಕೋರ್ಟ್ ಅದನ್ನ ಕಳ್ಳಸಾಗಣೆ ಅಂತಲೇ ನೋಡಿತು. ಮೇ 7ರಂದು ತೀರ್ಪು ಬಂತು: ತಲಾ 10 ಲಕ್ಷ ಕೀನ್ಯಾ ಶಿಲ್ಲಿಂಗ್ ದಂಡ, ಇಲ್ಲವಾದರೆ 12 ತಿಂಗಳು ಜೈಲು.

ಇರುವೆಗೆ ಇಷ್ಟೆಲ್ಲಾ ಯಾಕೆ ಅಂತೀರಾ? ಲೆಕ್ಕ ಸರಳ. ರಾಣಿ ಜೀವನದಲ್ಲಿ ಹಾರೋದು ಒಂದೇ ಸಲ. ಆ ಹೊತ್ತಿನಲ್ಲಿ ಕೂಡಿಟ್ಟ ವೀರ್ಯವೇ ಸಾಯುವ ತನಕ. ಬಹಳಷ್ಟು ಜಾತಿಗಳಲ್ಲಿ ಅವಳು ನೆಲ ಕೊರೆದು, ಬಾಗಿಲು ಮುಚ್ಚಿ, ಊಟ ಬಿಟ್ಟು ಕೂರುತ್ತಾಳೆ. ಇನ್ನು ಬೇಡವಾದ ರೆಕ್ಕೆಯ ಸ್ನಾಯುಗಳನ್ನೇ ಕರಗಿಸಿ ಮೊದಲ ಮರಿಗಳನ್ನ ಸಾಕುತ್ತಾಳೆ. ಹಕ್ಕಿ, ಹಲ್ಲಿ, ಬೇರೆ ಇರುವೆಗಳಿಂದ ತಪ್ಪಿಸಿಕೊಂಡು ಗೂಡು ಕಟ್ಟುವವರು ಬೆರಳೆಣಿಕೆಯಷ್ಟು. ಒಬ್ಬಳನ್ನ ಎತ್ತಿಕೊಂಡರೆ ಒಂದು ಊರೇ ಹುಟ್ಟದೆ ಹೋಗಬಹುದು. ಕೀನ್ಯಾದಲ್ಲಿ ಹಿಡಿದದ್ದು ಬೀಜ ಹೊತ್ತು ಹರಡುವ ಕೊಯ್ಲು ಇರುವೆ. ನಷ್ಟ ಹುಲ್ಲುಗಾವಲಿಗೂ ತಟ್ಟುತ್ತೆ. ಬೇರೆ ದೇಶದಲ್ಲಿ ತಪ್ಪಿಸಿಕೊಂಡರೆ ಅಲ್ಲಿನ ಇರುವೆಗಳಿಗೂ ಕುತ್ತು.

ಲಬಕ್ ಕೂಡ ಇರುವೆ ಹಿಡಿದವರೇ, ಒಪ್ತೀನಿ. ಆದರೆ ಅವರು ತಮ್ಮ ತೋಟದ್ದನ್ನ ಹಿಡಿದು, ವರ್ಷಗಟ್ಟಲೆ ನೋಡಿದರು, ಬರೆದಿಟ್ಟರು. ನಾನು ಏನು ಬರೆದಿಡ್ತೀನಿ? ಆ ರಾತ್ರಿ ನನ್ನ ಹತ್ತಿರ ಉತ್ತರ ಇರಲಿಲ್ಲ. ಫೋನ್‌ನಲ್ಲಿ ನಾಲ್ಕು ಫೋಟೋ ತೆಗೆದೆ, ಸಮಯ ಬರ್ಕೊಂಡೆ. ಅವಳು ಕಾಂಪೌಂಡ್ ಗೋಡೆಯ ಬುಡದ ಒದ್ದೆ ಮಣ್ಣಿನಲ್ಲಿ ಇಳಿದು ಮರೆಯಾದಳು.

ಮುಂದಿನ ಮಳೆಗೆ ನೀವೂ ಟಾರ್ಚ್ ಹಿಡಿದು ನೋಡಿ. ಟ್ಯೂಬ್ ಮನೆಯಲ್ಲೇ ಇರಲಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.