ಯಜ್ಞವೇದಿಯಿಂದ ಶಿಲುಬೆಗೆ: ಕನ್ನಡ ನಾಡಿನಲ್ಲಿ ಕ್ರೈಸ್ತ ವಿಮೋಚನೆಯ ವಿಚಾರ

ಪಾಪದಿಂದ ಮನುಷ್ಯನನ್ನು ಬಿಡಿಸುವವನು ಕ್ರಿಸ್ತ ಎಂಬುದರಲ್ಲಿ ಕ್ರೈಸ್ತ ಪಂಥಗಳಿಗೆ ತಕರಾರಿಲ್ಲ. ಆ ಬಿಡುಗಡೆ ಆದದ್ದು ಹೇಗೆ, ಅದು ಒಬ್ಬೊಬ್ಬರಿಗೆ ದಕ್ಕುವ ಬಗೆ ಯಾವುದು ಎಂಬಲ್ಲಿ ಶತಮಾನಗಳ ವಾದವಿದೆ. ಮೊದಲ ಶತಮಾನಗಳ ಹಲವು ಧರ್ಮಗುರುಗಳು ಶಿಲುಬೆಯ ಮರಣವನ್ನು ಸೈತಾನನ ಸೆರೆಯಾಳುಗಳಿಗಾಗಿ ತೆತ್ತ ಈಡೆಂದರು. ಆನ್ಸೆಲ್ಮ್ 1098ರಲ್ಲಿ ಮುಗಿಸಿದ ಕೃತಿಯಲ್ಲಿ ಬೇರೆ ದಾರಿ ಹಿಡಿದ: ಪಾಪದ ಋಣ ಮನುಷ್ಯನದು, ಅದನ್ನು ತೀರಿಸುವ ಶಕ್ತಿ ದೇವರದು, ಆದ್ದರಿಂದ ದೇವರೇ ಮನುಷ್ಯನಾಗಬೇಕಾಯಿತು. 16ನೇ ಶತಮಾನದಲ್ಲಿ ಲೂಥರ್ ನಂಬಿಕೆಯೊಂದೇ ಸಾಕೆಂದ. ಟ್ರೆಂಟ್ ಮಹಾಸಭೆ (1545–63) ದೈವಕೃಪೆಯೊಡನೆ ಮನುಷ್ಯನ ಸಹಕಾರವೂ ಸಂಸ್ಕಾರಗಳೂ ಬೇಕೆಂದಿತು.

ಎರಡೂ ಬೋಧನೆಗಳು ಮೈಸೂರು ಸೀಮೆಯಲ್ಲಿ ಬೇರೂರಿದವು. ಶ್ರೀರಂಗಪಟ್ಟಣದಲ್ಲಿ 17ನೇ ಶತಮಾನದ ನಡುವೆ ಇಟಲಿಯ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಕಥೋಲಿಕ ಮಿಷನ್ ಆರಂಭಿಸಿದರು. 19ನೇ ಶತಮಾನದಲ್ಲಿ ಬಂದ ವೆಸ್ಲಿಯನ್ ಮಿಷನ್, ದೇವರ ಕೃಪೆ ಯಾರೋ ಆಯ್ದ ಕೆಲವರಿಗಲ್ಲ, ಎಲ್ಲರಿಗೂ ತೆರೆದಿದೆ ಎಂಬ ಜಾನ್ ವೆಸ್ಲಿಯ ಬೋಧನೆಯನ್ನು ತಂದಿತು.

ಈ ನಡುವೆ ಒಂದು ಕಠಿಣ ಮಾತೂ ಕೇಳಿಬಂತು. ಟಿಪ್ಪುವಿನ ಪತನದ ನಂತರ ಶ್ರೀರಂಗಪಟ್ಟಣದ ಕ್ರೈಸ್ತರ ನಡುವೆ ದುಡಿದ, ಸಿಡುಬಿನ ಲಸಿಕೆಗೂ ಶ್ರಮಿಸಿದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ, 1823ರಲ್ಲಿ ಲಂಡನ್ನಿನಲ್ಲಿ ತಮ್ಮ ಪತ್ರಗಳನ್ನು ಪ್ರಕಟಿಸಿ, ಹಿಂದೂಗಳಿಗೆ ಈ ಸಂದೇಶ ಮುಟ್ಟಿಸುವುದು ಆಗದ ಕೆಲಸವೆಂದು ಬರೆದರು. ಮರುವರ್ಷವೇ ಜೇಮ್ಸ್ ಹೌ ಪುಸ್ತಕರೂಪದಲ್ಲಿ ಅದಕ್ಕೆ ಉತ್ತರ ಕೊಟ್ಟರು.

ದ್ಯುಬುವಾ ಮುಚ್ಚಿತೆಂದ ಬಾಗಿಲನ್ನು ಮತ್ತೆ ತಟ್ಟಿದವರು ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟ್ಟೆಲ್. 1853ರಲ್ಲಿ ಭಾರತಕ್ಕೆ ಬಂದ ಅವರು 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಬದುಕನ್ನು ಕನ್ನಡದ ದೇಸಿ ಛಂದಸ್ಸಿಗೆ ತಂದರು. 1872ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ‘ಯಜ್ಞಸುಧಾನಿಧಿ’ಯ ಹೆಜ್ಜೆ ಇನ್ನೂ ದಿಟ್ಟ. ಅದರ ವಸ್ತುವೇ ಬಲಿ; ವೈದಿಕ ಯಜ್ಞದ ಪರಂಪರೆಯ ಎದುರಿಗೆ ಕ್ರಿಸ್ತನ ಬಲಿದಾನವನ್ನು ಇಟ್ಟು ನೋಡುವ ಯತ್ನ. ಮತ್ತೆ ಮತ್ತೆ ಅರ್ಪಿಸಬೇಕಾದ ಬಲಿಗಳಿಗೆ ಒಮ್ಮೆಗೇ ಮುಗಿದ ಬಲಿಯೊಂದು ಕೊನೆ ಹಾಡಿತು ಎಂಬುದು ಹೊಸ ಒಡಂಬಡಿಕೆಯ ಇಬ್ರಿಯರ ಪತ್ರಿಕೆಯ ವಾದ. ಯೆರೂಸಲೇಮಿನ ದೇವಾಲಯವನ್ನು ಕಾಣದ ಓದುಗನಿಗೆ ಅದನ್ನು ಯಜ್ಞವೇದಿಯ ಮೂಲಕ ವಿವರಿಸಬಹುದೆಂಬ ಹೊಳಹು ಇಲ್ಲಿದೆ. ವೇದವನ್ನು ಕ್ರಿಸ್ತನ ಮುನ್ನುಡಿಯಾಗಿ ಓದುವುದನ್ನು ವೈದಿಕರು ಒಪ್ಪಬೇಕಿಲ್ಲ. ಆದರೂ ಎದುರಾಳಿಯ ಗ್ರಂಥವನ್ನು ಹಳಿಯುವ ಬದಲು ಅದರೊಳಗೆ ಹೊಕ್ಕು ಮಾತಾಡಿದ ಶ್ರಮ ದೊಡ್ಡದು.

ನಂಬಿಕೆಯೊಂದೇ ಸಾಕೇ ಎಂಬ ಯುರೋಪಿನ ಹಳೆಯ ಜಗಳ ಈಗ ಬಹುಮಟ್ಟಿಗೆ ತಣಿದಿದೆ. 1999ರ ಅಕ್ಟೋಬರ್ 31ರಂದು ಕಥೋಲಿಕರೂ ಲೂಥರನ್ನರೂ ಆಗ್ಸ್‌ಬರ್ಗ್‌ನಲ್ಲಿ ಆ ಕುರಿತ ಜಂಟಿ ಘೋಷಣೆಗೆ ಸಹಿ ಹಾಕಿದರು. 2006ರಲ್ಲಿ ವಿಶ್ವ ಮೆಥಡಿಸ್ಟ್ ಮಂಡಳಿಯೂ ಅದರೊಡನೆ ಸೇರಿತು. ಕಿಟ್ಟೆಲ್ ಎತ್ತಿದ ಪ್ರಶ್ನೆಯ ಚರ್ಚೆ ಮಾತ್ರ ನಮ್ಮಲ್ಲಿ ಮುಂದುವರಿಯಬೇಕಾಗಿದೆ. 1894ರ ನಿಘಂಟಿನಿಂದಷ್ಟೇ ಅವರನ್ನು ಬಲ್ಲ ಕನ್ನಡಿಗರು, ಅವರ ಧಾರ್ಮಿಕ ಬರಹಗಳನ್ನೂ ವಿಮರ್ಶೆಯ ಕಣ್ಣಿನಿಂದ ಓದಲಿ.