ತಾಳಮದ್ದಳೆ, ಮಡ್ ಮತ್ತು ಟ್ಯಾಗ್ ಹಾಕುವ ಹಕ್ಕು

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರಿಗೆ 'ಮಡ್' ಅಂದ್ರೆ ಜೂನ್ ತಿಂಗಳ ಮಣ್ಣು ರಸ್ತೆಯೇ ನೆನಪಾಗೋದು :-) ನಾನು ಇವತ್ತು ಬರೆಯಹೊರಟಿರೋದು ಬೇರೆ ಮಡ್ ಬಗ್ಗೆ. ಮಲ್ಟಿ ಯೂಸರ್ ಡಂಜನ್ ಅನ್ನೋದರ ಮೊದಲಕ್ಷರಗಳನ್ನು ಸೇರಿಸಿ ಮಾಡಿದ ಹೆಸರು ಅದು. ಚಿತ್ರ ಇಲ್ಲ, ಸದ್ದಿಲ್ಲ, ಬರೀ ಅಕ್ಷರ. ನೀವು ಒಂದು ಸಾಲು ಟೈಪ್ ಮಾಡ್ತೀರಿ, ಇನ್ಯಾವುದೋ ಊರಿನಲ್ಲಿ ಕೂತವರಿಗೆ ಅದು ಕಾಣುತ್ತೆ. ಎಲ್ಲರೂ ಸೇರಿ ಒಂದು ಕಥೆಯೊಳಗೆ ಓಡಾಡ್ತಾರೆ.

ಇದರ ಇತಿಹಾಸ ನಾವು ಅಂದುಕೊಂಡದ್ದಕ್ಕಿಂತ ಹಳೆಯದು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿ ಮೊದಲ ಮಡ್ ಬರೆಯತೊಡಗಿದ. ಆಮೇಲೆ ರಿಚರ್ಡ್ ಬಾರ್ಟಲ್ ಅದನ್ನು ಬೆಳೆಸಿದ. 1989ರಲ್ಲಿ ಜಿಮ್ ಆಸ್ಪ್‌ನೆಸ್‌ನ ಟೈನಿಮಡ್ ಬಂತು. ಅದರ ಬೆನ್ನಿಗೆ ಕೋಪನ್‌ಹೇಗನ್ನಿನ ವಿದ್ಯಾರ್ಥಿಗಳ ಡಿಕುಮಡ್, ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿದ್ದ ಪಾವೆಲ್ ಕರ್ಟಿಸ್‌ನ ಲ್ಯಾಂಬ್ಡಾಮೂ ಹುಟ್ಟಿಕೊಂಡವು. ಅಂದರೆ ವೆಬ್ ಜನರ ಕೈಗೆ ಬರುವ ಮೊದಲೇ ಇದೊಂದು ಹಳೇ ಸಂಸಾರ ಆಗಿಹೋಗಿತ್ತು.

ನನಗೆ ಇದರ ಬಗ್ಗೆ ಓದಿದಾಗಲೆಲ್ಲ ನಮ್ಮ ಕಡೆಯ ತಾಳಮದ್ದಳೆ ನೆನಪಾಗುತ್ತೆ. ಮಳೆಗಾಲದಲ್ಲಿ ಹೊರಗೆ ಆಟ ಆಡೋ ಹಾಗಿಲ್ಲ. ವೇಷ ಇಲ್ಲ, ಕುಣಿತ ಇಲ್ಲ. ದೇವಸ್ಥಾನದ ಪೌಳಿಯಲ್ಲೋ, ಯಾರದೋ ಮನೆಯ ಜಗಲಿಯಲ್ಲೋ ಎದುರುಬದುರು ಕೂತ ಅರ್ಥಧಾರಿಗಳು ಮಾತಿನಲ್ಲೇ ಹಸ್ತಿನಾವತಿ ಕಟ್ಟುತ್ತಾರೆ. ಪದ್ಯ ಪುಸ್ತಕದಲ್ಲಿದೆ, ಮಾತು ಪುಸ್ತಕದಲ್ಲಿಲ್ಲ, ಅದು ಆ ರಾತ್ರಿಯೇ ಹುಟ್ಟಬೇಕು. ವ್ಯತ್ಯಾಸವೂ ಇದೆ ಅನ್ನಿ. 'ಕೃಷ್ಣ ಸಂಧಾನ'ದಲ್ಲಿ ಕೌರವ ವಾದದಲ್ಲಿ ಎಷ್ಟೇ ಗೆದ್ದರೂ ಕೊನೆಗೆ ಸಂಧಿ ಮುರಿಯಲೇಬೇಕು. ಮಡ್‌ನಲ್ಲಿ ಕೊನೆ ಏನು ಅಂತ ಯಾರಿಗೂ ಗೊತ್ತಿರಲ್ಲ.

ಈಗ ಪ್ರಸಂಗದ ಪುಸ್ತಕ ತೆಗೆದು ನೋಡಿ. ಪ್ರತಿ ಪದ್ಯದ ತಲೆಯ ಮೇಲೆ ಒಂದು ಗುರುತು ಇರುತ್ತೆ: ರಾಗ ಭೈರವಿ, ಝಂಪೆತಾಳ. ಇನ್ನೊಂದು ಕಡೆ ಭಾಮಿನಿ, ಮತ್ತೊಂದು ಕಡೆ ವಾರ್ಧಕ, ಕಂದ, ವಚನ. ಅದನ್ನು ಯಾರೂ ಸಭೆಗೆ ಓದಿ ಹೇಳೋದಿಲ್ಲ. ಭಾಗವತರು ನೋಡಿಕೊಂಡು ಹಾಗೆ ಹಾಡುತ್ತಾರೆ, ಅಷ್ಟೆ. ಪದ್ಯ ಬೇರೆ, ಪದ್ಯವನ್ನು ಹೇಗೆ ಹಾಡಬೇಕು ಅನ್ನೋ ಸೂಚನೆ ಬೇರೆ. ವೆಬ್‌ನ ಎಚ್‌ಟಿಎಂಎಲ್ ಟ್ಯಾಗ್ ಮಾಡೋ ಕೆಲಸವೂ ಇದೇ ತಾನೆ? 'ಇಲ್ಲಿಂದ ಇಲ್ಲಿಯವರೆಗೆ ದಪ್ಪಕ್ಷರ' ಅಂತ ಬ್ರೌಸರಿಗೆ ಮಾತ್ರ ಹೇಳೋ ಗುಟ್ಟು ಅದು.

ಮಡ್‌ಗಳಲ್ಲಿ ಮೊದಮೊದಲು ಇಂಥ ಗುರುತು ಅಂದರೆ ಬಣ್ಣ ಒಂದೇ. ಎಸ್ಕೇಪ್ ಅನ್ನೋ ಕಾಣದ ಅಕ್ಷರದ ಜೊತೆ 31 ಎಂಬ ಅಂಕಿ ಕಳಿಸಿದರೆ ಮುಂದಿನ ಅಕ್ಷರ ಕೆಂಪು. 1990ರ ದಶಕದ ಮಧ್ಯದಲ್ಲಿ ವೆಬ್ ಊರೆಲ್ಲ ಹಬ್ಬಿದಾಗ ಚಾಕೋ ಕಮ್ಯುನಿಕೇಶನ್ಸ್ ಎಂಬ ಕಂಪನಿ ಪ್ಯೂಬ್ಲೋ ಅನ್ನೋ ಕ್ಲೈಂಟ್ ತಂತ್ರಾಂಶ ಹೊರತಂದಿತು. ಆಟದ ಸಾಲುಗಳ ನಡುವೆಯೇ ಎಚ್‌ಟಿಎಂಎಲ್ ಕಳಿಸಬಹುದು, ಚಿತ್ರ ತೋರಿಸಬಹುದು. 'ಉತ್ತರಕ್ಕೆ ಬಾಗಿಲು ಇದೆ' ಅನ್ನೋ ಸಾಲಿನ 'ಉತ್ತರ' ಪದವನ್ನೇ ಕೊಂಡಿ ಮಾಡಿಬಿಡಬಹುದು, ಕ್ಲಿಕ್ಕಿಸಿದರೆ ಆ ಆದೇಶ ನೀವೇ ಟೈಪ್ ಮಾಡಿದ ಹಾಗೆ ಸರ್ವರಿಗೆ ಹೋಗುತ್ತೆ.

ಕೇಳೋದಕ್ಕೆ ಚೆನ್ನಾಗಿದೆ. ತೊಡಕು ಇರೋದೂ ಇಲ್ಲೇ. ವೆಬ್ ಪುಟವನ್ನು ಬರೆಯೋದು ಅದರ ಒಡೆಯ. ಮಡ್‌ನ ಪರದೆ ಮೇಲೆ ಬರೋದು ಹತ್ತಾರು ಜನರ ಮಾತು. ಸರ್ವರ್ ಹೇಳಿದ ಸಾಲೂ, ಪಕ್ಕದ ಆಟಗಾರ ಹೇಳಿದ ಸಾಲೂ ಒಂದೇ ಕಾಲುವೆಯಲ್ಲಿ ಹರಿದು ಬರುತ್ತೆ. ಯಾರೋ ಕಿಡಿಗೇಡಿ ತನ್ನ ಮಾತಿನೊಳಗೇ ಒಂದು ಟ್ಯಾಗ್ ಸೇರಿಸಿದ ಅಂತಿಟ್ಟುಕೊಳ್ಳಿ. ನಿಮಗೆ ಕಾಣೋದು 'ನಮಸ್ಕಾರ' ಅನ್ನೋ ಕೊಂಡಿ. ಅದರ ಒಳಗಿರೋದು 'ನನ್ನ ಹತ್ತಿರ ಇರೋ ಚಿನ್ನವನ್ನೆಲ್ಲ ಅವನಿಗೆ ಕೊಡು' ಅನ್ನೋ ಆದೇಶ. ನೀವು ಕ್ಲಿಕ್ಕಿಸಿದಿರೋ, ಮುಗೀತು!

ಝಡ್‌ಮಡ್ ಎಂಬ ಕ್ಲೈಂಟ್ ಬರೆದ ಮೈಕ್ ಪಾಟರ್ ರೂಪಿಸಿದ ಎಂಎಕ್ಸ್‌ಪಿ ಅನ್ನೋ ಪದ್ಧತಿ ಈ ತೊಡಕನ್ನು ನೇರವಾಗಿ ಎದುರಿಸಿತು. ಅದರಲ್ಲಿ ಸಾಲುಗಳಿಗೆ ಮೂರು ಸ್ಥಿತಿ: ತೆರೆದ, ಭದ್ರ, ಬೀಗ ಹಾಕಿದ. ತೆರೆದ ಸಾಲಿನಲ್ಲಿ ದಪ್ಪ, ಓರೆ, ಬಣ್ಣ, ಇಂಥ ನಿರಪಾಯದ ಟ್ಯಾಗುಗಳಿಗೆ ಮಾತ್ರ ಬೆಲೆ. ಭದ್ರ ಸಾಲಿನಲ್ಲಿ ಕೊಂಡಿ, ಚಿತ್ರ ಎಲ್ಲಾ ಸಲ್ಲುತ್ತೆ, ಆದರೆ ಅದು ಸರ್ವರ್ ತಾನೇ ಬರೆದ ಸಾಲಿಗೆ ಮೀಸಲು. ಬೀಗ ಹಾಕಿದ ಸಾಲಿನಲ್ಲಿ ಟ್ಯಾಗ್ ಕಂಡರೂ ಅದನ್ನು ಬರೀ ಅಕ್ಷರ ಅಂತಲೇ ತೋರಿಸಬೇಕು. ಎಷ್ಟು ಸರಳ, ಎಷ್ಟು ವಿವೇಕ ನೋಡಿ. ಏನು ಹೇಳಿದೆ ಅನ್ನೋದರ ಜೊತೆಗೆ ಯಾರು ಹೇಳಿದ್ದು ಅನ್ನೋದನ್ನೂ ಗುರುತಿಸಬೇಕು.

ತಾಳಮದ್ದಳೆಯಲ್ಲಿ ಈ ಶಿಸ್ತು ಮೊದಲಿನಿಂದಲೂ ಇದೆ. ಪ್ರಸಂಗದ ಪುಸ್ತಕ ಇರೋದು ಭಾಗವತರ ಮುಂದೆ. ಅರ್ಥಧಾರಿ ಎಷ್ಟೇ ದೊಡ್ಡ ಪಂಡಿತನಾಗಿರಲಿ, ಮುಂದಿನ ಪದ್ಯಕ್ಕೆ ಎತ್ತುಗಡೆ ಕೊಡಬಹುದು, ಪದ್ಯ ಎತ್ತೋದು ಭಾಗವತರೇ. ಮಾತು ಹಾದಿ ತಪ್ಪಿ ಲಂಬಿಸಿದರೆ ಪದ್ಯ ಶುರುಮಾಡಿ ನಿಲ್ಲಿಸುವ ಅಧಿಕಾರವೂ ಅವರದ್ದೇ. ಮಾತು ಎಲ್ಲರದ್ದು, ಗುರುತು ಒಬ್ಬರದ್ದು.

ಇನ್ನು ನಮ್ಮ ಭಾಷೆಯ ವಿಷಯ. ಡಿಕುಮಡ್ ವಂಶದ ಅನೇಕ ಸರ್ವರುಗಳು ಆಸ್ಕಿ ಬಿಟ್ಟು ಬೇರೆ ಯಾವ ಬೈಟ್ ಬಂದರೂ ಎಸೆದುಬಿಡುತ್ತಿದ್ದವು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು. ಸಾಗರಕ್ಕೆ 12, ಹೊಸನಗರಕ್ಕೆ 18, ತೀರ್ಥಹಳ್ಳಿಗೆ 30. ಅಂಥ ಸರ್ವರಿನೊಳಗೆ ಮೂರೂ ತಾಲೂಕು ಹೋದರೆ ಹೊರಗೆ ಬರೋದು ಸೊನ್ನೆ! ಎಸೆಯದೆ ಬಿಟ್ಟರೂ, ಸಾಲನ್ನು 80 ಬೈಟಿಗೆ ಕತ್ತರಿಸುವ ಹಳೇ ಅಭ್ಯಾಸದಿಂದ ಅಕ್ಷರ ನಡುವೆಯೇ ತುಂಡಾಗಬಹುದು. ಎಚ್‌ಟಿಎಂಎಲ್‌ನಲ್ಲಿ ಇದಕ್ಕೊಂದು ಬಳಸುದಾರಿ ಇತ್ತು, ಅಕ್ಷರದ ಬದಲು ಅದರ ಅಂಕಿ ಬರೆಯೋದು. 'ಕ' ಅಂದರೆ 3221. ಈ ಲೆಕ್ಕದಲ್ಲಿ ತೀರ್ಥಹಳ್ಳಿಗೆ 70 ಆಸ್ಕಿ ಅಕ್ಷರ ಬೇಕಾದರೂ ಯಾವ ಹಳೇ ಸರ್ವರೂ ಅವನ್ನು ಎಸೆಯುತ್ತಿರಲಿಲ್ಲ. ಆದರೆ ಪ್ಯೂಬ್ಲೋ ಓಡುತ್ತಿದ್ದ ಕಾಲದ ವಿಂಡೋಸ್‌ಗೆ ಕನ್ನಡದ ಒತ್ತಕ್ಷರ ಕೂಡಿಸಲು ಬರುತ್ತಿರಲಿಲ್ಲ. ಆ ಶಕ್ತಿ ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ. ಅದರ ಜೊತೆ ಬಂದ ಕನ್ನಡ ಫಾಂಟಿನ ಹೆಸರು 'ತುಂಗಾ', ತೀರ್ಥಹಳ್ಳಿ ಪಕ್ಕದ ಹೊಳೆಯ ಹೆಸರೇ!

ಯುನಿಕೋಡ್ ಬಳಕೆಗೆ ಬರುವ ಮೊದಲು ನಾವು ಏನು ಮಾಡ್ತಿದ್ದೆವು ಅಂತ ನೆನಪಿಸಿಕೊಳ್ಳಿ. ಲ್ಯಾಟಿನ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಫಾಂಟು, ಮೇಲೊಂದು ಫಾಂಟ್ ಟ್ಯಾಗ್. ಟ್ಯಾಗ್ ಇದ್ದರೆ ಕನ್ನಡ, ಇಲ್ಲದಿದ್ದರೆ ಅರ್ಥವಿಲ್ಲದ ಲ್ಯಾಟಿನ್ ಸಾಲು. ಅಂದರೆ ಗುರುತು ಹೋದರೆ ಮಾತೇ ಹೋಯಿತು. ಹಾಗೆ ಬರೆದ ಎಷ್ಟೋ ಪುಟಗಳನ್ನು ಈಗ ಪರಿವರ್ತಕ ಇಲ್ಲದೆ ಓದಲು ಆಗೋದಿಲ್ಲ. ಪ್ರಸಂಗದ ಪುಸ್ತಕದಲ್ಲಿ ಹಾಗಿಲ್ಲ. 'ಝಂಪೆತಾಳ' ಅನ್ನೋ ಪದ ಅಳಿಸಿಹೋದರೂ ಪದ್ಯ ಪದ್ಯವೇ.

ಮಡ್ ಪ್ರಪಂಚದ ಒಳ್ಳೆಯ ಪದ್ಧತಿಗಳೂ ಈ ಮರ್ಯಾದೆ ಇಟ್ಟುಕೊಂಡವು. ಸರ್ವರ್ ಮೊದಲು ಕೇಳುತ್ತೆ, 'ನಿನಗೆ ಎಂಎಕ್ಸ್‌ಪಿ ಬರುತ್ತಾ?' ಅಂತ. ಬರುತ್ತೆ ಅಂದರೆ ಟ್ಯಾಗ್, ಇಲ್ಲ ಅಂದರೆ ಬರೀ ಮಾತು. ಇದು ಬರೀ ತಾಂತ್ರಿಕ ಸೌಜನ್ಯ ಅಲ್ಲ. ಕಣ್ಣು ಕಾಣದ ಎಷ್ಟೋ ಜನ ಪರದೆ ಓದಿ ಹೇಳುವ ತಂತ್ರಾಂಶದ ಸಹಾಯದಿಂದ ಮಡ್ ಆಡುತ್ತಾರೆ. ಚಿತ್ರದ ಆಟಗಳು ಬಾಗಿಲು ಹಾಕಿದ ಕಡೆ ಅಕ್ಷರದ ಆಟ ಅವರನ್ನು ಒಳಗೆ ಕರೆಯಿತು. 'ಉತ್ತರಕ್ಕೆ ಬಾಗಿಲು' ಅನ್ನೋ ಮಾತನ್ನು ತೆಗೆದು ಬರೀ ಬಾಣದ ಚಿತ್ರ ಹಾಕಿದರೆ ಅವರಿಗೆ ಆ ಬಾಗಿಲೇ ಇಲ್ಲ. ತಾಳಮದ್ದಳೆಯೂ ಹಾಗೇ, ಕಂಬದ ಮರೆಯಲ್ಲಿ ಕೂತವರಿಗೂ, ಕಣ್ಣು ಮಂಜಾದ ಅಜ್ಜನಿಗೂ ಒಂದಿಷ್ಟೂ ಕಡಿಮೆಯಾಗಲ್ಲ.

ಪ್ಯೂಬ್ಲೋ ತಂದ ಕಂಪನಿ ಈಗಿಲ್ಲ. ಬರೀ ಅಕ್ಷರದ ಮಡ್‌ಗಳಲ್ಲಿ ಕೆಲವು ಇನ್ನೂ ನಡೀತಿವೆ. ನನಗನ್ನಿಸೋದು ಇಷ್ಟೇ. ಹಲವರು ಸೇರಿ ಕಟ್ಟುವ ಮಾತಿಗೆ ಗುರುತು ಬೇಕು, ಬೇಡ ಅನ್ನಲ್ಲ. ಆದರೆ ಅದನ್ನು ಹಾಕುವ ಹಕ್ಕು ಯಾರದ್ದು ಅಂತ ಮೊದಲೇ ಗೊತ್ತಿರಬೇಕು, ತೆಗೆದರೂ ಮಾತು ನಿಲ್ಲಬೇಕು. ನಾವೆಲ್ಲ ಪುಕ್ಕಟೆ ಜಾಗದಲ್ಲಿ ಬರೆಯೋರು, ಟೆಂಪ್ಲೇಟು ಬಣ್ಣ ಎಲ್ಲಾ ಇವತ್ತಿದ್ದು ನಾಳೆ ಹೋಗೋದೇ. ನಿಮ್ಮ ಬರಹದಿಂದ ಟ್ಯಾಗುಗಳನ್ನೆಲ್ಲ ಕಿತ್ತು ಒಮ್ಮೆ ಬರೀ ಪಠ್ಯವಾಗಿ ಉಳಿಸಿ ಓದಿ ನೋಡಿ. ಏನು ಉಳಿಯಿತು ಅಂತ ನನಗೂ ತಿಳಿಸಿ :-)